ಹೆಸರಿಲ್ಲದ ಒಡಪು

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದಾನೇಶ್ವರಿಯ ಹೊಲಿಗೆ ಅಂಗಡಿ ಇದೆ. ಓಣಿಯವರೆಲ್ಲ ಆಕೆಯನ್ನು ದಾನಕ್ಕ ಎನ್ನುತ್ತೇವೆ. ಕುಬುಸ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು ಆಕೆಯ ಕೆಲಸ. ಒಳಗೆ ಬಂದವರ ಅಳತೆ ತೆಗೆಯುವ ಮೊದಲು ಆಕೆ ಕನ್ನಡಕದ ಮೇಲಿನಿಂದ ನೋಡಿ ಒಂದು ಪ್ರಶ್ನೆ ಕೇಳುತ್ತಾಳೆ.

"ಯಾರ ಪೈಕಿ ನೀವು?"

ಹೆಸರು ಹೇಳಿದರೆ ಸಾಲದು. ಊರು ಯಾವುದು, ಯಾರ ಮನಿ, ತವರುಮನಿ ಎಲ್ಲಿ, ಎಲ್ಲ ಹೇಳಬೇಕು. ಅದನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಗಂಟಿಗೆ ಪಿನ್ನು ಚುಚ್ಚಿ ಇಟ್ಟ ಮೇಲೆಯೇ ಆಕೆ ಟೇಪು ಕೈಗೆತ್ತಿಕೊಳ್ಳುವುದು. ಆಕೆಗೆ ಯಾರ ಮೇಲೂ ನಂಬಿಕೆಯಿಲ್ಲ. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ, ಹಾಲಿನವನ ಮುಂದೆಯೇ ಹಾಲಿಗೆ ಬೆರಳು ಅದ್ದಿ ನೋಡುತ್ತಾಳೆ, ದೇವರಿಗೆ ಹಚ್ಚಿದ ಊದಿನಕಡ್ಡಿ ಆರಿದರೂ ಬಾಗಿಲ ಕಡೆ ತಿರುಗಿ ನೋಡುತ್ತಾಳೆ.

ಈ ಗುಣಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಬಸವನ ಬಾಗೇವಾಡಿಯ ಒಬ್ಬ ಮದುಮಗಳ ಸೀರೆಯನ್ನು ಯಾರೋ ಹೆಂಗಸು ಬಂದು "ನಾ ಆಕಿ ಸಣ್ಣವ್ವ" ಎಂದು ಹೇಳಿ ಒಯ್ದಿದ್ದಳು. ನಿಜವಾದ ಸಣ್ಣವ್ವ ಮರುದಿನ ಬಂದಳು. ದಾನಕ್ಕ ಬಾಗೇವಾಡಿಯ ಮದುವೆ ಮನೆಯ ಅಂಗಳದಲ್ಲಿ ನಿಂತು ಎಲ್ಲರ ಮಾತು ಕೇಳಬೇಕಾಯಿತು. ಅಂದಿನಿಂದ ಆ ಚೀಟಿ, ಆ ಪಿನ್ನು.

ಕಾಲೇಜು ಮುಗಿದ ಮೇಲೆ ನಾನು ಆ ಅಂಗಡಿಯಲ್ಲಿ ಕೂತು ಕುಬುಸಕ್ಕೆ ಹುಕ್ಕು ಹಚ್ಚಿಕೊಡುತ್ತೇನೆ. ಹೋದ ವರ್ಷದ ಚಳಿಯಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು. ಕುಬುಸದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ದಾನಕ್ಕ ಎಂದಿನಂತೆ ಕೇಳಿದಳು. ಆ ಹೆಣ್ಣುಮಗಳು ಬಾಯಿ ತೆರೆದಳು, ಮುಚ್ಚಿದಳು, ಬಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿಬಿಟ್ಟಳು.

"ನೋಡಿದ್ಯಾ? ಹೆಸರು ಹೇಳಾಕ ಬರಂಗಿಲ್ಲ ಅಂದ್ರ ಏನೋ ಐತಿ," ಎಂದಳು ದಾನಕ್ಕ. ನಾನೂ ಹೌದೆಂದು ತಲೆಯಾಡಿಸಿದೆ. ಆಮೇಲೆ ಇಬ್ಬರೂ ಅದನ್ನು ಮರೆತೆವು.

ಟೆಲಿಗ್ರಾಮಿನಲ್ಲಿ 'ಸೆರಗು' ಎಂಬ ಗುಂಪನ್ನು ಆಕೆಗೆ ಮಾಡಿಕೊಟ್ಟವಳು ನಾನು. ಕುಬುಸದ ಹೊಸ ಕಟಿಂಗ್ ಹಾಕುವುದಕ್ಕೆಂದು ಶುರುವಾದದ್ದು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ಹೊಲಿಯುವ, ಹೊಲಿಸಿಕೊಳ್ಳುವ ಹೆಂಗಸರು ಒಬ್ಬರ ಹಿಂದೊಬ್ಬರು ಸೇರಿದರು. ಬರುಬರುತ್ತ ತೋಳಿನ ಅಳತೆಯ ಜೊತೆ ಬೆನ್ನುನೋವಿನ ಮಾತು, ಅತ್ತೆಯ ಮಾತು, ಮಗಳ ಪರೀಕ್ಷೆಯ ಮಾತೂ ಅಲ್ಲಿಗೆ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಟಿಂಗ್ ಟಿಂಗ್ ಎನ್ನುತ್ತಿದ್ದರೆ ದಾನಕ್ಕ ರೊಟ್ಟಿ ಮುರಿಯುತ್ತ ಒಂದೇ ಬೆರಳಿನಿಂದ ಎಲ್ಲ ಸರಿಸಿ ನೋಡುತ್ತಿದ್ದಳು. ಗಂಡ ತೀರಿಹೋದ ಮೇಲೆ ಊಟದ ಹೊತ್ತಿನಲ್ಲಿ ಆಕೆಯ ಎದುರು ಇಷ್ಟು ಸದ್ದು ಇದ್ದದ್ದು ಇದೇ ಮೊದಲು.

ಆ ಗುಂಪಿನಲ್ಲಿ ಒಬ್ಬಳಿಗೆ ಮಾತ್ರ ಹೆಸರಿರಲಿಲ್ಲ. ಆಕೆ ತನ್ನನ್ನು 'ಕುಸುಬಿ ಹೂ' ಎಂದು ಕರೆದುಕೊಂಡಿದ್ದಳು. ಮುಖದ ಬದಲು ಮುಳ್ಳಿನ ನಡುವಿನ ಕೇಸರಿ ಹೂವಿನ ಚಿತ್ರ. ನಂಬರು ಕಾಣದ ಹಾಗೆ ಇಟ್ಟಿದ್ದಳು. (ನಿಜದಲ್ಲಿ ಆಕೆ ಇಟ್ಟುಕೊಂಡಿದ್ದ ಹೂವೇ ಬೇರೆ. ನಾನು ಬದಲಿಸಿದ್ದೇನೆ.) ದಿನಕ್ಕೆ ಒಂದೋ ಎರಡೋ ಮಾತು ಬರೆಯುತ್ತಿದ್ದಳು. "ಇವತ್ತ ಮಷಿನ್ನಿಗಿ ಎಣ್ಣಿ ಬಿಟ್ಟೆ. ಸಪ್ಪಳ ಕಡಿಮಿ ಆತು. ಸಪ್ಪಳ ಇದ್ರನ ಚಲೋ ಇತ್ತು ಅನಸಾಕತ್ತೈತಿ," ಎಂದು ಒಂದು ದಿನ. ನನಗೆ ಆ ಸಾಲುಗಳು ಇಷ್ಟವಾಗುತ್ತಿದ್ದವು. ಯಾರಿಗೂ ಹೇಳುತ್ತಿರಲಿಲ್ಲ.

ತಕರಾರು ತೆಗೆದವಳು ರೇಣವ್ವ. ತಾಳಿಕೋಟೆ ದಾಟಿ ಮುದ್ದೇಬಿಹಾಳದ ಕಡೆ ಹೋಗುವ ದಾರಿಯಲ್ಲಿ ಆಕೆಯ ಹಳ್ಳಿ. ಪೂರ್ತಿ ಹೆಸರು, ಹಣೆ ತುಂಬ ಕುಂಕುಮ, ಇಳಕಲ್ ಸೀರೆಯ ಸೆರಗು ಹೊದ್ದ ವಯಸ್ಸಾದ ಮುಖದ ಫೋಟೋ. ಸಂಶಯಪಡಲು ಏನೂ ಇರಲಿಲ್ಲ.

"ಈ ಹೂ ಯಾರು? ಊರಿಲ್ಲ, ಹೆಸರಿಲ್ಲ. ನಮ್ಮ ಹುಡುಗ್ಯಾರು ಹೊಸ ಕುಬುಸ ಹಾಕ್ಕೊಂಡ ಫೋಟೋ ಇಲ್ಲಿ ಬರ್ತಾವು. ಗಂಡಸು ಇದ್ರ ಏನ್ ಮಾಡ್ತೀರಿ?"

ಅಷ್ಟು ಸಾಕಾಯಿತು. ಯಾರೋ ತಮ್ಮ ಮಗಳ ಫೋಟೋ ಅಳಿಸಿದರು. ಇನ್ನೊಬ್ಬರು ತಮ್ಮ ಹಳೆಯ ಮಾತುಗಳನ್ನೆಲ್ಲ ಅಳಿಸಿದರು. ಒಂದೆರಡು ದಿನ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಕೂಡ ಬರಲಿಲ್ಲ. ದಾನಕ್ಕ ಊಟದ ತಟ್ಟೆಯನ್ನು ಬದಿಗೆ ಸರಿಸಿದಳು. ಆಕೆಯ ಕಣ್ಣಲ್ಲಿ ಬಾಗೇವಾಡಿಯ ಅಂಗಳ ಮತ್ತೆ ಕಾಣಿಸಿತ್ತು.

"ಎಲ್ಲಾರೂ ಖರೇ ಹೆಸರು, ಊರು ಹಾಕಬೇಕು. ಶುಕ್ರವಾರ ಸಂಜಿ ತನಕ. ಹಾಕಲಿಲ್ಲ ಅಂದ್ರ ತಗೀತೇನಿ," ಎಂದು ನನ್ನ ಕೈಯಿಂದ ಬರೆಸಿದಳು.

ಇಂಡಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಮಾಬುಬಿ ಕೂಡಲೇ ಧ್ವನಿ ಕಳಿಸಿದಳು. "ಏ ದಾನಿ, ಹೆಸರೇನ್ ಯಾರ್ ಬೇಕಾದ್ರೂ ಹಾಕ್ತಾರ. ನಾಳೆ ನಾ ಐಶ್ವರ್ಯಾ ಅಂತ ಹಾಕ್ತೇನಿ, ನಂಬ್ತಿಯೇನು? ಕೇಳೂದಾದ್ರ ಒಡಪು ಕೇಳು. ಗಂಡಸರಿಗಿ ಮದುವಿ ದಿನ ಒಂದು ಕಲಿಸಿ ನಿಲ್ಲಿಸಿರ್ತಾರ, ಮರುದಿನ ಕೇಳಿದ್ರ ಬಾಯಿ ತಕ್ಕೊಂಡು ನಿಂತಿರ್ತಾವ."

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಿಡಿಯಾಗಿ ಬಾಯಿಂದ ಆಡುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬುಸದ ಕಾರ್ಯದಲ್ಲಿ ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಒಳಗ ಬಾ" ಎಂದು ಕಾಡಿದಾಗ ಎರಡು ಸಾಲು ಕಟ್ಟಿ, ಎರಡನೆಯ ಸಾಲಿನ ನಡುವೆ ಆ ಹೆಸರನ್ನು ಸೇರಿಸಿ ಹೇಳುತ್ತಾರೆ. ಅದೇ ಒಡಪು. ಈಗಿನ ಹುಡುಗಿಯರು ಹೆಸರು ಹಿಡಿದೇ ಕರೆಯುತ್ತಾರೆ. ಹಳೆಯ ತಲೆಯವರು ಮಾತ್ರ ಹಾಗೆ ಕರೆಯುವುದಿಲ್ಲ.

ದಾನಕ್ಕನಿಗೆ ಉಪಾಯ ಹಿಡಿಸಿತು. ಹೆಸರಿನ ಜೊತೆ ಒಂದು ಒಡಪು ಎಂದಾಯಿತು. ಗುಂಪಿಗೆ ಮತ್ತೆ ಜೀವ ಬಂತು. ಮಾಬುಬಿಯೇ ಮೊದಲು ಹೇಳಿದಳು.

"ನಮ್ಮಲ್ಲಿ ಇದು ಇಲ್ಲ, ಬಾಜು ಮನಿ ಗೌಡಶಾನಿ ಕಡಿಂದ ಕಲ್ತೇನಿ. ಕೇಳ್ರಿ.
ಬಳಿ ಅಂಗಡ್ಯಾಗ ಕುಂತ್ರ ನನ್ನ ಬಾಯಿ ಸುಮ್ಮನಿರಂಗಿಲ್ಲ,
ಮೋದಿನಸಾಬರ ಮುಂದ ಮಾತ್ರ ನನ್ನ ಮಾತು ನಡಿಯಂಗಿಲ್ಲ.
ಎರಡನೇ ಸಾಲು ಸುಳ್ಳು ನೋಡ್ರೆವ್ವ."

ಬಾಗೇವಾಡಿಯ ಭುವನೇಶ್ವರಿ ಟೀಚರು, "ನಂಗ ಒಡಪು ಬರಂಗಿಲ್ರಿ, ನಮ್ಮವರ ಹೆಸರು ಚೇತನಕುಮಾರ, ನಾ ಚೇತು ಅಂತೇನಿ," ಎಂದು ಬರೆದಾಗ ಎಲ್ಲರೂ ನಕ್ಕರು. ಅದೇ ನಗುವಿನ ನಡುವೆ ರೇಣವ್ವನ ಉತ್ತರವೂ ಬಂತು. "ನನ್ನ ಹೆಸರು ರೇಣವ್ವ. ಗಂಡನ ಹೆಸರು ಶಂಕರೆಪ್ಪ. ಮನಿ ಹಣಮಪ್ಪನ ಗುಡಿ ಹತ್ತಿರ." ದಾನಕ್ಕ ಅದನ್ನು ಓದಿ, "ನೋಡು, ಮುಚ್ಚುಮರಿ ಇಲ್ಲದಾಕಿ," ಎಂದಳು.

ಕುಸುಬಿ ಹೂ ಗುಂಪಿನಲ್ಲಿ ಏನೂ ಬರೆಯಲಿಲ್ಲ. ದಾನಕ್ಕನಿಗೆ ಮಾತ್ರ ಖಾಸಗಿಯಾಗಿ ಬರೆದಳು.

"ಅಕ್ಕಾರ, ಹೆಸರು ಹೇಳಿದ್ರ ಹೆಸರಿನವರು ಬರ್ತಾರ. ನನ್ನ ಹುಡುಕಾಕತ್ತಾರ. ಇದೊಂದು ಬಿಟ್ಟು ಏನರ ಕೇಳ್ರಿ."

"ಗಂಡಸಾದ್ರೂ ಹಿಂಗ ಬರೀಬೌದಲ್ಲ," ಎಂದಳು ದಾನಕ್ಕ ನನಗೆ. ಆಮೇಲೆ ಆಕೆಗೆ ಬರೆಸಿದಳು: "ಎಲ್ಲಾರಿಗೂ ಒಂದ ಕಾನೂನು. ಶುಕ್ರವಾರ."

ಶುಕ್ರವಾರ ಮಧ್ಯಾಹ್ನ ಗುಂಪಿನಲ್ಲಿ ಎರಡು ಸಾಲು ಬಂದವು.

"ಕುಸುಬಿ ಹೊಲ ದಾಟಿ ಬಂದೇನಿ, ಕಾಲಾಗ ಕೆರ ಇಲ್ಲ,
ಕೇಳಬ್ಯಾಡ್ರಿ ಅವರ ಹೆಸರ, ನನ್ನ ಬಾಯಾಗ ಈಗ ಇಲ್ಲ."

ಮಾಬುಬಿಯ ಧ್ವನಿ ಬಂತು, ಎಂದಿನ ಗದ್ದಲವಿಲ್ಲದೆ. "ಇದು ಹೆಂಗಸ ಐತಿ ದಾನಿ. ಬಿಡು ಆಕಿನ್ನ."

ತಕ್ಷಣ ರೇಣವ್ವ ಬರೆದಳು: "ಹೆಸರಿಲ್ಲದ್ದು ಒಡಪು ಅಲ್ಲ. ಊರು ಕೇಳ್ರಿ. ಊರರ ಹೇಳಲಿ." ಅದರ ಬೆನ್ನಿಗೇ ದಾನಕ್ಕನಿಗೆ ಖಾಸಗಿಯಾಗಿ: "ನಿಮ್ಮ ಅಂಗಡಿಗಿ ಬರ್ತಾಳೇನು ಆಕಿ? ಮಷಿನ್ ಎಲ್ಲಿ ತಗೊಂಡಾಳಂತ? ಇಂಡ್ಯಾಗ ಇದ್ದಾಳೋ ಸಿಂದಗ್ಯಾಗೋ?"

ದಾನಕ್ಕ ಪಿಕೋ ಮಷಿನ್ನಿನ ಮೇಲಿಂದ ಕಾಲು ತೆಗೆದಳು. ಗುಂಪಿನಲ್ಲಿ ಮೇಲೆ ಹೋಗಿ ರೇಣವ್ವ ಬರೆದದ್ದನ್ನೆಲ್ಲ ಮತ್ತೆ ಓದಿಸಿದಳು. 'ಗಂಡನ ಹೆಸರು ಶಂಕರೆಪ್ಪ' ಎಂಬಲ್ಲಿಗೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಈಕಿ ಆ ಟೀಚರಂಗ ಈಗಿನಾಕಿ ಅಲ್ಲ. ಈಕಿ ನಮ್ಮವ್ವನ ವಯಸ್ಸಿನಾಕಿ. ನಮ್ಮವ್ವ ದವಾಖಾನ್ಯಾಗ ಡಾಕ್ಟರು ಕೇಳಿದ್ರೂ ಅಪ್ಪನ ಹೆಸರು ಬಿಡಿಯಾಗಿ ಹೇಳಲಿಲ್ಲ, ನನ್ನ ಕಡಿಂದ ಹೇಳಿಸಿದಳು. ಇಷ್ಟು ಸಲೀಸಾಗಿ ಹೆಂಗ ಬರದಳು?"

"ಬರೆಯುವುದು ಬೇರೆ, ಬಾಯಿಂದ ಹೇಳುವುದು ಬೇರೆ ಅಲ್ಲವಾ ಅಕ್ಕ?"

"ಇರಬೌದು. ನೋಡ್ಕೊಂಡು ಬರೂಣು ನಡಿ."

ಮರುದಿನ ನಾವು ತಾಳಿಕೋಟೆಗೆ ಹೋಗಿ ಅಲ್ಲಿಂದ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ತೊಗರಿ ಕಟಾವಾದ ಕರಿಹೊಲಗಳು, ನಡುನಡುವೆ ಬಿಳಿಜೋಳ. ದಾನಕ್ಕ ಕಿಟಕಿಯಾಚೆ ನೋಡಲಿಲ್ಲ. ಹಿಂದಿನ ಸೀಟಿನವರು ಎಲ್ಲಿ ಇಳಿಯುತ್ತಾರೆ ಎಂದು ನೋಡುತ್ತಿದ್ದಳು.

ಹಣಮಪ್ಪನ ಗುಡಿಯ ಹತ್ತಿರದ ಮನೆಯ ಕಟ್ಟೆಯ ಮೇಲೆ ಫೋಟೋದ ಮುಖವೇ ಕೂತಿತ್ತು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹಣೆಯ ಕುಂಕುಮವೂ ಅದೇ. ಬಲಗೈ ತುಂಬ ಹಸಿರು ಬಳೆ. ಎಡಗೈಗೆ ಮಾತ್ರ ಬಳೆಯಿರಲಿಲ್ಲ, ಮಣಿಕಟ್ಟಿಗೆ ಹಳೆಯ ಬಟ್ಟೆ ಸುತ್ತಿತ್ತು.

"ಇಲ್ಲೆ ಕೌದಿ ಹೊಲಿಯೋರು ಯಾರರ ಇದ್ದಾರೇನ್ರಿ?" ಎಂದಳು ದಾನಕ್ಕ.

"ನಾನ ಹೊಲೀತಿದ್ದೆ ಯವ್ವ, ಈಗ ಕೈ ನಡಿಯಂಗಿಲ್ಲ. ಕುಂಡ್ರಿ. ಯಾವೂರವರು ನೀವು? ಹೆಸರೇನು?"

ದಾನಕ್ಕನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. "ಬಾಳಮ್ಮ ಅಂತ್ರಿ. ಬಾಗೇವಾಡಿಯಾಕಿ."

ನಾನು ನೆಲ ನೋಡಿದೆ. ರೇಣವ್ವ ನೀರು ತಂದುಕೊಟ್ಟಳು. ದಾನಕ್ಕ ನೀರನ್ನು ಮೊದಲು ನೋಡಿ ಆಮೇಲೆ ಕುಡಿದಳು.

"ಯಜಮಾನ್ರ ಹೆಸರೇನ್ರಿ ನಿಮ್ಮದು?"

"ಅಯ್ಯ!" ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೆಂಗ ಹೇಳಲೆವ್ವ ಈ ವಯಸ್ಸಿನಾಗ?" ಆದರೂ ಕಣ್ಣಲ್ಲಿ ನಗುವಿತ್ತು. ಬೀದಿಯ ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ಹಿತ್ತಲ ಬಾಗಿಲಿಗಿ ಹಿತ್ತಾಳಿ ಚಿಲಕ,
ಉಣ್ಣಾಕ ಕೂಡಂಗಿಲ್ಲ ನಾ ಶಂಕರೆಪ್ಪನವರು ಬರೂ ತನಕ."

ಹೇಳಿ ಮುಗಿಸಿ ಮದುಮಗಳ ಹಾಗೆ ತಲೆ ತಗ್ಗಿಸಿದಳು. ದಾನಕ್ಕನೂ ನಕ್ಕಳು. ನಗುತ್ತಲೇ, "ಚಂದ ಹೇಳಿದ್ರಿ. ಫೋನಿನಾಗ ಹಾಕ್ರಿ, ಎಲ್ಲಾರೂ ಕೇಳಲಿ," ಎಂದಳು.

"ಫೋನ? ನಂಗ ಒತ್ತಾಕ ಬರಂಗಿಲ್ಲ. ನನ್ನ ಹೆಸರಲೆ ಸಿಮ್ಮು ತಗೊಂಡು ಮಗ ಇಟ್ಕೊಂಡಾನ. ನನ್ನ ಫೋಟೋನೂ ತಗದಾನ, ಯಾಕ ಅಂದ್ರ ಹೇಳಂಗಿಲ್ಲ. ದಿನಾ ತಾಳಿಕೋಟಿಗಿ ಗಾಡಿ ಹೊಡಕೊಂಡು ಹೋಗ್ತಾನ, ಹೋದಲ್ಲೂ ಅದನ್ನ ನೋಡತಿರ್ತಾನ."

ಮೊರದ ಬೇಳೆ ಒಮ್ಮೆ ಮೇಲೆ ಹಾರಿ ಕೆಳಗೆ ಬಿತ್ತು. ರೇಣವ್ವ ದಾನಕ್ಕನ ಬಲಗೈಯ ತೋರುಬೆರಳನ್ನು ನೋಡುತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು ಅದು.

"ಹೊಲಿಗಿ ಮಾಡೋರ ಕೈ ನಿಮ್ಮದು. ನನ್ನ ಸೊಸಿದೂ ಹಿಂಗ ಇತ್ತು." ಬಟ್ಟೆ ಸುತ್ತಿದ ಮಣಿಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು. "ಆಕಿ ಮನಿ ಬಿಟ್ಟು ಹ್ವಾದ ಮ್ಯಾಲ ಅವನ ಸಿಟ್ಟೆಲ್ಲಾ ನನ್ನ ಮ್ಯಾಲ. ಆಕಿ ಎಲ್ಲಿದ್ರೂ ಇರಲಿ. ಇತ್ಲಾಗ ಬರೂದು ಬ್ಯಾಡ. ನಿಮಗೇನರ ಗೊತ್ತೈತೇನವ್ವ, ಚಲೋ ಇದ್ದಾಳೇನು?"

"ನಿಮ್ಮ ಸೊಸಿ ನಂಗ ಹೆಂಗ ಗೊತ್ತಿರತಾಳ್ರಿ?" ಎಂದು ದಾನಕ್ಕ ಎದ್ದಳು.

ಬಸ್ಸು ತಾಳಿಕೋಟೆ ಹತ್ತಿರ ಬಂದಾಗ ದಾನಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು. "ಮುದುಕಿ ಖರೇನ ಕೇಳಿದಳೋ, ನಮ್ಮ ಬಾಯಿ ಬಿಡಸಾಕ ಮಗ ಕಲಿಸಿದ್ದನ್ನ ಕೇಳಿದಳೋ?"

ಆ ಮಣಿಕಟ್ಟು ನೋಡಿಯೂ ಹೀಗೆ ಕೇಳುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು.

ಅಂಗಡಿಗೆ ಬಂದ ಕೂಡಲೇ ನಾನು, "ಆ ಮಗನನ್ನು ಗುಂಪಿನಿಂದ ತೆಗೆಯಲಾ?" ಎಂದೆ. ದಾನಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಹುಚ್ಚಿ. ಅವನಿಗಿನ್ನೂ ಅನುಮಾನ ಅಷ್ಟ ಐತಿ. ಅವನ್ನ ತಗದ್ರ ಖಾತ್ರಿ ಆಗ್ತೈತಿ, ಈ ಹೂನ ತನ್ನ ಹೆಂಡ್ತಿ ಅಂತ. ಸಿಂದಗಿ ತನಕ ಬರ್ತಾನ. ಅವನ್ನ ಅಲ್ಲೇ ಕೂಡಸಬೇಕು. ಹೂವನ್ನ ತಗೀಬೇಕು. ಬೈದು ತಗೀಬೇಕು, ಗಂಡಸು ಅಂತ ಹೇಳಿ. ಆಗ ಅವನೂ ನಂಬ್ತಾನ."

ಆದರೆ ಕುಸುಬಿ ಹೂವಿಗೆ ಹೇಳದೆ ಬೈಯುವ ಹಾಗಿರಲಿಲ್ಲ. ಎರಡೇ ಸಾಲು ಬರೆಸಿದಳು: ರೇಣವ್ವ ರೇಣವ್ವ ಅಲ್ಲ, ಆಕಿ ಮಗ. ನಾ ನಿನ್ನ ಎಲ್ಲಾರ ಮುಂದ ಬೈದು ಹೊರಗ ಹಾಕ್ತೇನಿ, ನಿನ್ನ ಸಲುವಾಗಿ.

ಉತ್ತರ ಬರಲು ತಡವಾಯಿತು. ಬಂದದ್ದು ಹೀಗಿತ್ತು.

"ನೀವು ದಾನಕ್ಕನ ಅನ್ನೂದು ನಂಗ ಹೆಂಗ ಗೊತ್ತಾಗಬೇಕ್ರಿ?"

ದಾನಕ್ಕ ಕನ್ನಡಕ ತೆಗೆದು ಸೀರೆಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಇಷ್ಟು ವರ್ಷ ಈ ಪ್ರಶ್ನೆಯನ್ನು ಆಕೆ ಕೇಳಿದ್ದಳೇ ಹೊರತು ಆಕೆಯನ್ನು ಯಾರೂ ಕೇಳಿರಲಿಲ್ಲ.

ಮತ್ತೊಂದು ಸಾಲು ಬಂತು. "ಹೋದ ವರ್ಷ ಚಳಿಗಾಲದಾಗ ನಿಮ್ಮ ಅಂಗಡಿಗಿ ಬಂದಿದ್ದೆ. ನೀವು ಹೆಸರು ಕೇಳಿದ್ರಿ, ಹೇಳಲಾರದ ಹೋದೆ. ನಿಮ್ಮ ದನಿ ನೆನಪೈತಿ. ಎಲ್ಲಾರ ಕಡಿಂದ ಒಡಪು ಕೇಳಿದ್ರಿ, ನಿಮ್ಮದು ಕೇಳಲಿಲ್ಲ. ನಿಮ್ಮ ದನಿಲೆ ಹೇಳ್ರಿ."

ನಾವಿಬ್ಬರೂ ಮೆಟ್ಟಿಲ ಕಡೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ.

ಗಂಡ ಸತ್ತವರನ್ನು ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುವ ಹೆಂಗಸರು ಅಂಥವರು ಬಂದಾಗ ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ. ಗುಂಪಿನಲ್ಲಿ ಯಾರೂ ದಾನಕ್ಕನನ್ನು ಕೇಳದೆ ಇದ್ದದ್ದಕ್ಕೂ ಅದೇ ಕಾರಣ. ಇದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆಕೆ ಮಷಿನ್ ನಿಲ್ಲಿಸಿದಳು. ಫ್ಯಾನ್ ಆರಿಸು ಎಂದಳು. ನಾನು ಧ್ವನಿಯ ಗುಂಡಿ ಒತ್ತಿ ಹಿಡಿದೆ. ಆಕೆ ಬಾಗಿಲಾಚೆಯ ಬಿಸಿಲು ನೋಡುತ್ತ ಹೇಳಿದಳು.

"ದೀಪ ಹಚ್ಚಿ ನೋಡಿದೆ, ಸೂಜಿಗಿ ದಾರ ಸೇರಲಿಲ್ಲ,
ಸಿದ್ದಾರೂಢರು ಹ್ವಾದ ಮ್ಯಾಲ ಯಾರೂ ಹೆಸರು ಕೇಳಲಿಲ್ಲ."

ನಾನು ಬೆರಳು ಎತ್ತಿದೆ. ಅದು ಹೋಯಿತು. ದಾನಕ್ಕ ದಾರದ ಉಂಡೆಯ ತುದಿ ಹುಡುಕುವವಳ ಹಾಗೆ ಕೈಯಾಡಿಸುತ್ತ ಕೂತಳು.

"ಆತ್ರಿ ಅಕ್ಕ," ಎಂದು ಉತ್ತರ ಬಂತು. "ಇನ್ನ ಬೈರಿ."

ದಾನಕ್ಕ ಬೈದಳು. ಗುಂಪಿನಲ್ಲಿ, ತನ್ನದೇ ಧ್ವನಿಯಲ್ಲಿ. ಹೆಂಗಸರ ನಡುವೆ ಸೆರಗು ಹೊದ್ದು ಕೂಡುವ ಗಂಡಸೇ, ನಾಚಿಕೆಗೇಡಿ, ಒಡಪು ಕಟ್ಟಿದರೆ ಹೆಂಗಸು ಆಗ್ತೀಯೇನು, ಪೊಲೀಸರಿಗೆ ಕೊಡ್ತೇನಿ ಎಂದಳು. ಆಮೇಲೆ ಕುಸುಬಿ ಹೂವನ್ನು ತೆಗೆದುಹಾಕಿದೆವು. ರೇಣವ್ವನ ಹೆಸರಿನಿಂದ ಕೈಮುಗಿಯುವ ಚಿತ್ರ ಬಂತು. ಕೆಲವು ದಿನಗಳಲ್ಲಿ ಆ ಹೆಸರೂ ತಾನಾಗಿ ಗುಂಪು ಬಿಟ್ಟು ಹೋಯಿತು, ಬೇರೆಲ್ಲೋ ಹುಡುಕಲು.

ಮಾಬುಬಿಗೆ ಇದೇನೂ ಗೊತ್ತಿರಲಿಲ್ಲ. "ಎಂಥಾ ಕಲ್ಲಿನ ಎದಿ ದಾನಿ ನಿಂದು. ಆ ಒಡಪು ಕೇಳಿದ ಮ್ಯಾಲೂ?" ಎಂದು ಹೇಳಿ ಗುಂಪಿನಿಂದ ಹೊರಗೆ ಹೋದಳು. ಇನ್ನೂ ಕೆಲವರು ಹೋದರು. ಮಾಬುಬಿಗೆ ಒಬ್ಬಳಿಗಾದರೂ ಹೇಳೋಣ ಎಂದು ನಾನು ಎಷ್ಟು ಸಲ ಅಂದೆನೋ. "ಆಕಿ ಫೋನು ಯಾರ ಕೈಯಾಗಿರತೈತೋ ಯಾರಿಗಿ ಗೊತ್ತು?" ಎಂದು ದಾನಕ್ಕ ಬಾಯಿ ಮುಚ್ಚಿಸಿದಳು. ಈಗ ಮಧ್ಯಾಹ್ನ ಆಕೆಯ ಫೋನು ಸುಮ್ಮನಿರುತ್ತದೆ. ರೊಟ್ಟಿ ಮುರಿಯುವ ಸದ್ದು ಕೇಳುತ್ತದೆ.

ಮೊನ್ನೆ ಹುಕ್ಕು ಹಚ್ಚಲು ಕೂತಾಗ ಮೇಲಿನ ಹಲಗೆಯಲ್ಲಿ ಒಂದು ಕುಬುಸದ ಗಂಟು ಕಂಡಿತು. ಹೊಲಿದು ಮಡಚಿ ಇಟ್ಟಿತ್ತು. ಎಲ್ಲ ಗಂಟುಗಳಿಗೂ ಚೀಟಿಯಿತ್ತು. ಅದಕ್ಕೆ ಬರೀ ಪಿನ್ನು ಚುಚ್ಚಿತ್ತು.

"ಇದು ಯಾರದಕ್ಕ?"

ದಾನಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಹೊಸಬರು ಮೆಟ್ಟಿಲೇರಿದಾಗ ನೋಡುವ ನೋಟ ಅದು.

"ನೀ ಯಾಕ ಕೇಳ್ತಿ?"

ಮತ್ತೆ ಮಷಿನ್ನಿನ ಮೇಲೆ ಬಾಗಿದಳು. ನಾನು ಗಂಟನ್ನು ಇದ್ದಲ್ಲಿಯೇ ಇಟ್ಟೆ.